ಲಿಯರ್ ದೊರೆಯ ರಾಜ್ಯವಿಭಾಗ: ಒಂದು ಪರಾಮರ್ಶೆ

ಷೇಕ್ಸ್‌ಪಿಯರನ 'ಕಿಂಗ್ ಲಿಯರ್' ನಾಟಕವನ್ನು ಕೃತಘ್ನ ಮಕ್ಕಳ ಕಥೆಯೆಂದು ಓದುವ ರೂಢಿ ಬಲವಾಗಿದೆ. ಮುದಿ ದೊರೆಯ ಅವಿವೇಕ, ಹಿರಿಯ ಹೆಣ್ಣುಮಕ್ಕಳ ಕಪಟ, ಕಿರಿಯಳ ನಿಷ್ಠುರ ಸತ್ಯ, ಇಷ್ಟರಲ್ಲಿಯೇ ಮೊದಲನೆಯ ಅಂಕದ ವಿಚಾರ ಮುಗಿದುಹೋಗುತ್ತದೆ. ಇತಿಹಾಸದ ಅಭ್ಯಾಸಿಗಳಾದ ನಮಗೆ ಈ ಓದು ಸಾಲದೆಂದು ತೋರುತ್ತದೆ.

1606ನೆಯ ಡಿಸೆಂಬರ್ 26ರಂದು ವೈಟ್‌ಹಾಲ್ ಅರಮನೆಯಲ್ಲಿ ಒಂದನೆಯ ಜೇಮ್ಸನ ಸಮ್ಮುಖದಲ್ಲಿ ಈ ನಾಟಕದ ಪ್ರಯೋಗ ನಡೆಯಿತು. 1603ರಲ್ಲಿ ಇಂಗ್ಲೆಂಡಿನ ಪಟ್ಟವನ್ನೂ ಏರಿದ್ದ ಈ ಸ್ಕಾಟ್ಲೆಂಡಿನ ದೊರೆ ಎರಡು ರಾಜ್ಯಗಳನ್ನು ಒಂದುಗೂಡಿಸಲು ಪಾರ್ಲಿಮೆಂಟಿನೊಡನೆ ಸೆಣಸುತ್ತಿದ್ದ ಕಾಲವದು. ಅವನ ಗಂಡುಮಕ್ಕಳಿಬ್ಬರಿಗೆ ಕಾರ್ನ್‌ವಾಲ್ ಮತ್ತು ಆಲ್ಬನಿಯ ಡ್ಯೂಕರೆಂಬ ಬಿರುದುಗಳಿದ್ದವು. ಲಿಯರನ ಅಳಿಯಂದಿರ ಬಿರುದುಗಳೂ ಅವೇ. ಅವು ಹಳೆಯ ವೃತ್ತಾಂತದಿಂದಲೇ ಬಂದವು, ನಿಜ. ಆದರೆ ಆ ಸಭೆಗೆ ಅವು ಹಳೆಯವಾಗಿ ಕೇಳಿಸಿರಲಾರವು. ಹಾಗೆಂದು ನಾಟಕವನ್ನು ಜೇಮ್ಸನ ನೀತಿಗೆ ಬರೆದ ವ್ಯಾಖ್ಯಾನವೆನ್ನುವುದು ಅತಿಯಾದೀತು.

ನಾಟಕದ ಮೊದಲ ಮಾತುಗಳನ್ನು ಗಮನಿಸಬೇಕು. ಲಿಯರ್ ಸಭೆಗೆ ಬರುವ ಮೊದಲೇ ಕೆಂಟ್ ಮತ್ತು ಗ್ಲಾಸ್ಟರ್ ಪಾಲುಗಳ ವಿಚಾರ ಮಾತನಾಡುತ್ತಿರುತ್ತಾರೆ. ಅಳಿಯಂದಿರಿಬ್ಬರ ಪಾಲೂ ಸಮನಾಗಿ ತೂಗಿದೆ. ಎಂದರೆ ವಿಭಾಗ ಆಗಲೇ ನಿಶ್ಚಿತವಾಗಿದೆ. ಪ್ರೀತಿಯ ಪರೀಕ್ಷೆ ಬರಿಯ ಸಮಾರಂಭ. ದೊರೆಯ ಯೋಜನೆ ಸ್ಪಷ್ಟವಿತ್ತು: ಉತ್ತಮವಾದ ಮೂರನೆಯ ಪಾಲು ಕಾರ್ಡೀಲಿಯಳಿಗೆ, ತನ್ನ ಮುಪ್ಪು ಅವಳ ಆರೈಕೆಯಲ್ಲಿ. ಕಾರ್ಡೀಲಿಯ ಸ್ತುತಿ ನುಡಿಯಲು ಒಪ್ಪದಿದ್ದಾಗ ಮುರಿದುಬಿದ್ದುದು ತಂದೆಯ ಅಭಿಮಾನವಷ್ಟೇ ಅಲ್ಲ, ಅವನ ವೃದ್ಧಾಪ್ಯದ ಏರ್ಪಾಡು. ನೂರು ಮಂದಿ ಸರದಾರರೊಡನೆ ಹಿರಿಯ ಮಕ್ಕಳಿಬ್ಬರ ಮನೆಗಳಲ್ಲಿ ತಿಂಗಳ ಸರದಿಯಂತೆ ಇರುವ ಕರಾರನ್ನು ಅವನು ಸಾರುವುದು ಆಮೇಲೆ, ಕೋಪದ ನಡುವೆ. ಹೆಸರೂ ಮರ್ಯಾದೆಯೂ ತನಗೆ, ಆದಾಯವೂ ಆಡಳಿತವೂ ಅಳಿಯಂದಿರಿಗೆ! ಭೂಮಿಯಿಲ್ಲದ ಒಡೆಯನು ನೂರು ಮಂದಿಯನ್ನು ಎಷ್ಟು ದಿನ ಸಾಕಿಯಾನು? ಅನರ್ಥದ ಬೀಜವು ವಿಭಾಗದಲ್ಲಿರುವುದಕ್ಕಿಂತ ಹೆಚ್ಚಾಗಿ ಈ ಆತುರದ ಕರಾರಿನಲ್ಲಿದೆಯೆಂಬುದು ನಮ್ಮ ಅಭಿಪ್ರಾಯ.

ಆದುದರಿಂದಲೇ ಎರಡನೆಯ ಅಂಕದಲ್ಲಿ ನೂರು ಐವತ್ತಾಗಿ, ಐವತ್ತು ಇಪ್ಪತ್ತೈದಾಗಿ, ಕೊನೆಗೆ ಒಬ್ಬನಾದರೂ ಏಕೆಂಬಲ್ಲಿಗೆ ಇಳಿಯುವ ಚೌಕಾಸಿ ಅಷ್ಟು ಭಯಂಕರವಾಗಿದೆ. ಐವತ್ತು ಇಪ್ಪತ್ತೈದರ ಎರಡರಷ್ಟಾದುದರಿಂದ ಗಾನೆರಿಲಳ ಪ್ರೀತಿಯೂ ಎರಡರಷ್ಟೆಂದು ಲಿಯರ್ ಲೆಕ್ಕ ಹಾಕುತ್ತಾನೆ. ಭೂಪಟದ ಮುಂದೆ ತಾನೇ ಕಲಿಸಿದ ಗಣಿತವಿದು. ಸರದಾರರು ಪುಂಡರೆಂಬ ಗಾನೆರಿಲಳ ದೂರಿಗೆ ನಾಟಕದಲ್ಲಿ ಸಾಕ್ಷ್ಯ ಅತ್ಯಲ್ಪ; ಮಾತನಾಡುವ ಒಬ್ಬ ಸರದಾರ ವಿನಯವಂತನೇ. 1962ರ ಪ್ರಯೋಗದಲ್ಲಿ ಪೀಟರ್ ಬ್ರೂಕ್ ಅವರನ್ನು ದಾಂಧಲೆಗಾರರನ್ನಾಗಿ ತೋರಿಸಿದನು. ಅದರಿಂದ ಗಾನೆರಿಲಳಿಗೆ ನ್ಯಾಯ ದೊರೆತಿರಬಹುದು, ಆದರೆ ಸಂದೇಹದ ಸ್ವಾರಸ್ಯ ಕೆಟ್ಟಿತು.

ಹಳೆಯ ವೃತ್ತಾಂತಗಳಲ್ಲಿ ಲಿಯರ್ ಗೆದ್ದು ಮತ್ತೆ ಪಟ್ಟವೇರುತ್ತಾನೆ. 1681ರಲ್ಲಿ ನೇಹಮ್ ಟೇಟ್ ಅದೇ ಸುಖಾಂತವನ್ನು ನಾಟಕಕ್ಕೆ ಮರಳಿ ಹೊಂದಿಸಿದನು. ಒಂದೂವರೆ ಶತಮಾನದ ಕಾಲ ರಂಗದ ಮೇಲೆ ನಡೆದುದು ಹೆಚ್ಚಾಗಿ ಆ ಪಾಠವೇ. ಟೇಟನನ್ನು ನಗುವುದು ಸುಲಭ. ಆದರೆ ಮೂಲದಲ್ಲಿಯೂ ಪಟ್ಟವು ಹಿಂದಿರುಗುತ್ತದೆಂಬುದನ್ನು ನಗುವವರು ಮರೆಯುತ್ತಾರೆ: ಆಲ್ಬನಿಯು ತನ್ನ ಅಧಿಕಾರವನ್ನೆಲ್ಲ ಲಿಯರನಿಗೆ ಒಪ್ಪಿಸುವುದಾಗಿ ಸಾರುತ್ತಾನೆ. ಸತ್ತ ಮಗಳ ಉಸಿರನ್ನು ಹುಡುಕುತ್ತಿರುವ ಮುದುಕನಿಗೆ ಅದು ಕೇಳಿಸುವುದಿಲ್ಲ. ಅವನು ಸತ್ತ ಬಳಿಕ ಆಲ್ಬನಿ ರಾಜ್ಯವನ್ನು ಮತ್ತೆ ಇಬ್ಬರಿಗೆ, ಕೆಂಟ್ ಮತ್ತು ಎಡ್ಗರನಿಗೆ, ಒಪ್ಪಿಸಹೊರಡುತ್ತಾನೆ! ಕೆಂಟ್ ಒಲ್ಲೆನೆನ್ನುತ್ತಾನೆ. ನಾಟಕದ ಕಡೆಯ ಮಾತು 1608ರ ಮುದ್ರಣದಲ್ಲಿ ಆಲ್ಬನಿಯದು, 1623ರ ಮುದ್ರಣದಲ್ಲಿ ಎಡ್ಗರನದು. ಸಿಂಹಾಸನವು ಯಾರದಾಯಿತೆಂಬುದನ್ನು ಎರಡೂ ಹೇಳುವುದಿಲ್ಲ.