ಬಸವನಹುಳುವಿನ ಮೇಲೆ ಯಾರು ಕೂರಬೇಕಿತ್ತು?

ಶಂಕರ್ ಅವರ ಹೆಸರು ಬಂದರೆ ನಮ್ಮ ವ್ಯಂಗ್ಯಚಿತ್ರಕಾರರು ಎದ್ದು ನಿಂತು ಮಾತಾಡುತ್ತಾರೆ. ನಿಲ್ಲಲಿ, ತಪ್ಪೇನಿಲ್ಲ. 1948ರಲ್ಲಿ ಅವರು ಶುರುಮಾಡಿದ 'ಶಂಕರ್ಸ್ ವೀಕ್ಲಿ'ಯಲ್ಲಿ ಅಬು ಅಬ್ರಹಾಂ, ಓ.ವಿ. ವಿಜಯನ್ ಅಂಥವರು ಪಳಗಿದರು. ಆದರೆ ಆ ಗೌರವಕ್ಕೆ ಒಂದು ಚಿತ್ರದ ಮುಂದೆ ಕಣ್ಣು ಮಂಜಾಗುತ್ತದೆ. 1949ರ ಆಗಸ್ಟ್ 28ರ ಚಿತ್ರ ಅದು: ಸಂವಿಧಾನವೆಂಬ ಬಸವನಹುಳು, ಅದರ ಮೇಲೆ ಲಗಾಮು ಮತ್ತು ಬಾರುಕೋಲು ಹಿಡಿದು ಕೂತ ಅಂಬೇಡ್ಕರ್, ಹಿಂದೆ ಬಾರುಕೋಲು ಎತ್ತಿ ನಿಂತ ನೆಹರೂ, ಸುತ್ತ ನೋಡುತ್ತ ನಗುವ ಜನ.

ಈ ಚಿತ್ರವನ್ನು ಕಣ್ಣುಬಿಟ್ಟು ನೋಡಿದವರು ಉನ್ನಮಟಿ ಶ್ಯಾಮಸುಂದರ್. ತೆಲುಗು ನೆಲದವರು, ಸ್ವತಃ ವ್ಯಂಗ್ಯಚಿತ್ರಕಾರರು. 1932ರಿಂದ 1956ರವರೆಗೆ ಇಂಗ್ಲಿಷ್ ಪತ್ರಿಕೆಗಳು ಅಂಬೇಡ್ಕರರನ್ನು ಹೇಗೆ ಬರೆದವೆಂದು ಹುಡುಕಿ, ನೂರಕ್ಕೂ ಹೆಚ್ಚು ಚಿತ್ರಗಳನ್ನು ಅವರು ತಂದ 'ನೋ ಲಾಫಿಂಗ್ ಮ್ಯಾಟರ್' 2019ರಲ್ಲಿ ನವಯಾನದಿಂದ ಬಂತು. ಶಂಕರ್, ಅನ್ವರ್ ಅಹಮದ್ ಅಷ್ಟೇ ಅಲ್ಲ, ನಮ್ಮ ಮೈಸೂರಿನ ಆರ್.ಕೆ. ಲಕ್ಷ್ಮಣ್ ಕೂಡ ಅದರಲ್ಲಿದ್ದಾರೆ. ಒಬ್ಬ ವ್ಯಂಗ್ಯಚಿತ್ರಕಾರ ತನ್ನ ಕಸುಬಿನ ಹಿರಿಯರನ್ನು ಇಷ್ಟು ಶ್ರದ್ಧೆಯಿಂದ ವಿಚಾರಣೆಗೆ ಕರೆದದ್ದು ಅಪರೂಪ. ಲಕ್ಷ್ಮಣರ ಶ್ರೀಸಾಮಾನ್ಯನ ಬಗ್ಗೆ ಪುಟಗಟ್ಟಲೆ ಬರೆಯುವ ಕನ್ನಡದಲ್ಲಿ ಈ ಪುಸ್ತಕದ ಮೇಲೆ ಒಂದು ಗಟ್ಟಿ ಜಗಳವೂ ಆಗಲಿಲ್ಲವೆಂಬುದು ನನ್ನ ಸಂಕಟ.

ಚಿತ್ರದ ಹತ್ತಿರ ಹೋಗೋಣ. ಬಸವನಹುಳುವಿಗೆ ಹೊಡೆದರೆ ಅದು ಓಡುವುದಿಲ್ಲ. ಹಾಗಾದರೆ ಚಿತ್ರದ ಏಟು ಬೀಳಬೇಕಾದದ್ದು ಬಾರುಕೋಲು ಹಿಡಿದವರ ಅವಸರಕ್ಕೆ. ಶಂಕರ್ ಪರವಾಗಿ ಇದಕ್ಕಿಂತ ಉದಾರವಾದ ಓದು ಸಾಧ್ಯವಿಲ್ಲ. ಆದರೆ ಗೆರೆ ಆ ಓದಿಗೆ ಒಪ್ಪುವುದಿಲ್ಲ. ನೆಹರೂ ನಿಂತಿರುವುದು ಹಿಂದೆ. ಅವರ ಕೈಗೂ ಹುಳುವಿಗೂ ನಡುವೆ ಇರುವುದು ಒಬ್ಬ ಮನುಷ್ಯನ ಬೆನ್ನು. ಏಟು ಹುಳುವಿಗೆಂದು ಚಿತ್ರಕಾರ ಮನಸ್ಸಿನಲ್ಲಿ ಅಂದುಕೊಂಡಿರಬಹುದು, ನೋಡುವವನ ಕಣ್ಣು ಬಾರುಕೋಲಿನ ಜೊತೆ ಕೆಳಗಿಳಿದಾಗ ಮೊದಲು ಎದುರಾಗುವುದು ಆ ಬೆನ್ನೇ. ಬಾರುಕೋಲೆಂದರೆ ಬರೀ ಅಲಂಕಾರವೆಂದು ತಿಳಿದ ಮನೆಗಳಲ್ಲಿ ಇದು ಕಾಣಿಸದೇ ಹೋದೀತು. ಅದರ ಗುರುತು ಅಜ್ಜನ ಮೈಮೇಲಿದ್ದ ಮನೆಯಲ್ಲಿ ಮೊದಲು ಕಾಣಿಸುವುದೇ ಅದು.

ಬೆನ್ನಿನ ಮಾತು ಒತ್ತಟ್ಟಿಗಿಟ್ಟರೂ ಚಿತ್ರ ಸೋಲುತ್ತದೆ. ಅದರ ದೊಡ್ಡ ಸುಳ್ಳು ಇರುವುದು ಯಾರು ಎಲ್ಲಿ ನಿಂತಿದ್ದಾರೆ ಎಂಬುದರಲ್ಲಿ. 1946ರ ಡಿಸೆಂಬರ್ 13ರಂದು ಧ್ಯೇಯಗಳ ನಿರ್ಣಯ ಮಂಡಿಸಿದವರು ನೆಹರೂ. ಒಕ್ಕೂಟ ಸಂವಿಧಾನ ಸಮಿತಿಯ ಅಧ್ಯಕ್ಷರೂ ಅವರೇ. ಹುಳು ನಿಧಾನವೆನ್ನುವುದಾದರೆ ಅದರ ಮೇಲೆ ಅವರಿಗೂ ಒಂದು ಜಾಗ ಇರಬೇಕಿತ್ತು. ನೆಹರೂ ಅವರನ್ನು ಶಂಕರ್ ಕೆಳಗಿಳಿಸಿ, ಹೊರಗೆ ನಿಲ್ಲಿಸಿ, ತಡ ಸಹಿಸದ ಯಜಮಾನನ ಪಾತ್ರ ಕೊಟ್ಟರು.

ಇನ್ನು ಆ ನಗುವ ಜನ. ಕರಡು ಅಚ್ಚಾಗಿ ಜನರ ಕೈಗೆ ಬಂದದ್ದು 1948ರ ಫೆಬ್ರವರಿಯಲ್ಲಿ. ಈ ಚಿತ್ರ ಬರುವ ಹೊತ್ತಿಗೆ ಸಂವಿಧಾನ ಸಭೆ ಒಂಬತ್ತನೇ ಅಧಿವೇಶನದಲ್ಲಿ ಕೂತು ವಿಧಿವಿಧಿಯನ್ನೂ ಜಾಲಿಸುತ್ತಿತ್ತು. ಸಲ್ಲಿಕೆಯಾದ ತಿದ್ದುಪಡಿಗಳು 7,635, ಸಭೆಯಲ್ಲಿ ಮಂಡನೆಯಾದವು 2,473. ಹೊತ್ತು ಹಿಡಿದದ್ದು ಈ ಚರ್ಚೆ, ಹಿಡಿಯಬೇಕಾದದ್ದೂ ಹೌದು. ಆ ತಿದ್ದುಪಡಿ ತಂದವರೆಲ್ಲ ಚಿತ್ರದಲ್ಲಿ ಎಲ್ಲಿದ್ದಾರೆ? ಹುಳುವಿನ ಮೇಲಂತೂ ಇಲ್ಲ. ಅಲ್ಲಿ ಒಬ್ಬರೇ ಕೂತಿದ್ದಾರೆ.

ಒಬ್ಬರೇ ಕೂತದ್ದು ಇನ್ನೊಂದು ಅರ್ಥದಲ್ಲಿ ನಿಜ. ಶಂಕರ್ ಅದನ್ನು ಬರೆದಿದ್ದರೆ ನಾನೇ ಕೈಮುಗಿಯುತ್ತಿದ್ದೆ. 1948ರ ನವೆಂಬರ್ 5ರಂದು ಟಿ.ಟಿ. ಕೃಷ್ಣಮಾಚಾರಿ ಸಭೆಯಲ್ಲೇ ಲೆಕ್ಕ ಒಪ್ಪಿಸಿದ್ದರು: ಕರಡು ಸಮಿತಿಯ ಏಳು ಜನರಲ್ಲಿ ಒಬ್ಬರು ರಾಜೀನಾಮೆ ಕೊಟ್ಟರು, ಒಬ್ಬರು ತೀರಿಕೊಂಡರು, ಒಬ್ಬರು ಅಮೆರಿಕದಲ್ಲಿದ್ದರು, ಒಬ್ಬರು ಸಂಸ್ಥಾನದ ಕೆಲಸದಲ್ಲಿ ಮುಳುಗಿದರು, ಒಂದಿಬ್ಬರು ಆರೋಗ್ಯದ ಕಾರಣಕ್ಕೆ ದೆಹಲಿಯಿಂದ ದೂರ ಉಳಿದರು. ಹೊರೆ ಬಿದ್ದದ್ದು ಅಂಬೇಡ್ಕರರ ಹೆಗಲಿಗೆ. ಅದರ ಹಿಂದೆ ಮಂಗಳೂರು ಮೂಲದ ಬೆನಗಲ್ ನರಸಿಂಗರಾವ್ ಸಿದ್ಧಪಡಿಸಿದ ಮೊದಲ ಕರಡಿನ ದುಡಿಮೆ ಇತ್ತು. ರಾಜೀನಾಮೆ ಕೊಟ್ಟವರ ಜಾಗಕ್ಕೆ ಮೈಸೂರಿನ ಮಾಜಿ ದಿವಾನ ಎನ್. ಮಾಧವರಾವ್ ಬಂದರು. ಕನ್ನಡದವರಿಗೆ ಇದು ದೂರದ ಕಥೆಯಲ್ಲ ಎನ್ನಲು ಈ ಎರಡು ಹೆಸರು ಸಾಕು.

ಈಗ ಶಂಕರ್ ಪರ ವಕಾಲತ್ತು ಮಾಡುವವರ ಮಾತಿಗೆ ಬರುತ್ತೇನೆ. ಎನ್‌ಸಿಇಆರ್‌ಟಿಯ ಹನ್ನೊಂದನೇ ತರಗತಿಯ ಪುಸ್ತಕದಲ್ಲಿದ್ದ ಈ ಚಿತ್ರದ ಮೇಲೆ 2012ರ ಮೇನಲ್ಲಿ ಸಂಸತ್ತು ಹೊತ್ತಿಕೊಂಡಿತು, ಸಚಿವರು ಕ್ಷಮೆ ಕೇಳಿದರು. ಸಲಹೆಗಾರರಾಗಿದ್ದ ಯೋಗೇಂದ್ರ ಯಾದವ್ ಮತ್ತು ಸುಹಾಸ್ ಪಳಶೀಕರ್ ಹೊರನಡೆದರು, ಪುಣೆಯಲ್ಲಿ ಪಳಶೀಕರ್ ಅವರ ಕಚೇರಿಯನ್ನು ಧ್ವಂಸ ಮಾಡಿದರು. ಆ ದಾಳಿ ಖಂಡಿತ ತಪ್ಪು. ಪುಸ್ತಕ ಬರೆದವರ ಉದ್ದೇಶವನ್ನೂ ನಾನು ಅನುಮಾನಿಸುವುದಿಲ್ಲ. ಇಷ್ಟು ಕಾಲ ಯಾಕೆ ಹಿಡಿಯಿತೆಂದು ಅವರು ಮಕ್ಕಳನ್ನು ಚಿತ್ರದ ಕೆಳಗೇ ಕೇಳಿದ್ದರು. ಆದರೆ ಅಂದಿನಿಂದ ನಮ್ಮ ವಿಮರ್ಶಕರು ಚಿತ್ರವನ್ನು ಬಿಟ್ಟು ಅಭಿವ್ಯಕ್ತಿ ಸ್ವಾತಂತ್ರ್ಯವನ್ನೇ ಹಿಡಿದುಕೊಂಡರು. ದಲಿತರಿಗೆ ಹಾಸ್ಯಪ್ರಜ್ಞೆ ಸಾಲದೆಂದರು. ನಿಷೇಧಿಸಬಾರದು ಎನ್ನುವುದು ಬೇರೆ, ಚೆನ್ನಾಗಿದೆ ಎನ್ನುವುದು ಬೇರೆ. ಮೊದಲನೆಯದನ್ನು ಗೆದ್ದು ಎರಡನೆಯದನ್ನೂ ಗೆದ್ದೆವೆಂದುಕೊಂಡರು.

ಅಂಬೇಡ್ಕರರೇ ಸುಮ್ಮನಿದ್ದರಲ್ಲ, ನಿಮಗೇನು ಎನ್ನುವುದು ಅವರ ಇನ್ನೊಂದು ವಾದ. ಚಿತ್ರಕ್ಕೆ ಸುಮ್ಮನಿದ್ದಿರಬಹುದು, ಆಪಾದನೆಗೆ ಸುಮ್ಮನಿರಲಿಲ್ಲ. 1949ರ ನವೆಂಬರ್ 25ರ ಭಾಷಣದಲ್ಲಿ ಅವರು ಸಾಲುಸಾಲಾಗಿ ಲೆಕ್ಕ ಕೊಟ್ಟರು: ಎರಡು ವರ್ಷ, ಹನ್ನೊಂದು ತಿಂಗಳು, ಹದಿನೇಳು ದಿನ. 11 ಅಧಿವೇಶನ, 165 ದಿನಗಳ ಕಲಾಪ. ಅಮೆರಿಕದವರು ನಾಲ್ಕು ತಿಂಗಳಲ್ಲಿ ಮುಗಿಸಿದರು, ಆದರೆ ಅವರದು 7 ವಿಧಿ, ನಮ್ಮದು 395. ಅವರಿಗೆ ತಿದ್ದುಪಡಿಗಳ ಕಾಟವಿರಲಿಲ್ಲ. ಕರಡು ಸಮಿತಿಯನ್ನು 'ಅಲೆದಾಡುವ ಸಮಿತಿ' ಎಂದು ಮೂದಲಿಸಿದ್ದ ನಜೀರುದ್ದೀನ್ ಅಹಮದ್ ಅವರಿಗೂ ಅದೇ ಭಾಷಣದಲ್ಲಿ ಉತ್ತರವಿದೆ.

ಇಲ್ಲಿ ಹೈದರಾಬಾದಿನ ಕೂಕಟ್‌ಪಲ್ಲಿಯಲ್ಲಿ, ಕೆಪಿಎಚ್‌ಬಿ ಕಾಲೊನಿಯ ಟೀ ಅಂಗಡಿಗಳ ಮುಂದೆ, ಸರ್ಕಾರಿ ಪರೀಕ್ಷೆಗೆ ಓದುವ ಹುಡುಗರು ಬೆಳಿಗ್ಗೆ ಈ ಅಂಕಿಗಳನ್ನು ತೆಲುಗಿನಲ್ಲಿ ಒಬ್ಬರನ್ನೊಬ್ಬರು ಕೇಳುತ್ತಾ ನಿಂತಿರುತ್ತಾರೆ. ಎಷ್ಟು ದಿನ? ಎಷ್ಟು ತಿದ್ದುಪಡಿ? ಉತ್ತರ ನಾಲಿಗೆ ತುದಿಯಲ್ಲಿರುತ್ತದೆ. ಅದು ಯಾವ ಆಪಾದನೆಗೆ ಕೊಟ್ಟ ಉತ್ತರವೆಂದು ಮಾತ್ರ ಯಾರೂ ಹೇಳಿಕೊಟ್ಟಿರುವುದಿಲ್ಲ. ನಮ್ಮ ಮಹಡಿಯ ಹುಡುಗಿಯೊಬ್ಬಳಿಗೆ ಶ್ಯಾಮಸುಂದರರ ಪುಸ್ತಕ ಓದಲು ಕೊಟ್ಟಿದ್ದೆ. ವಾಪಸು ತಂದಾಗ ಹಲವು ಪುಟಗಳ ನಡುವೆ ಬಸ್ ಟಿಕೆಟ್ ಸಿಕ್ಕಿಸಿದ್ದಳು. ಎಲ್ಲ ಕಡೆ ಇವರನ್ನು ಯಾಕೆ ಇಷ್ಟು ಕುಳ್ಳಗೆ ಬರೆದಿದ್ದಾರೆ ಎಂದು ಕೇಳಿದಳು.

ಶ್ಯಾಮಸುಂದರರ ಮೇಲೆ ನನಗಿರುವ ತಕರಾರು ಇಲ್ಲಿಯದೇ. ಅವರು ಸಂದರ್ಭವನ್ನು ಬಿಡಿಸಿದಷ್ಟು ಬಿಡುವಾಗಿ ಗೆರೆಯನ್ನು ಬಿಡಿಸುವುದಿಲ್ಲ. ಕುಂಚ ಹಿಡಿದ ಕೈಗೆ ಗೊತ್ತಿರುವುದನ್ನು ಇನ್ನಷ್ಟು ಹೇಳಬೇಕಿತ್ತು: ದೇಹವನ್ನು ಎಷ್ಟು ಕುಗ್ಗಿಸಿದರೆ ನಗು ಬರುತ್ತದೆ, ಎಲ್ಲಿ ಆ ನಗು ತಿರಸ್ಕಾರವಾಗುತ್ತದೆ ಎಂಬುದನ್ನು. ಆ ಕೆಲಸ ಲಕ್ಷ್ಮಣರ ಗೆರೆಯನ್ನು ಬಾಲ್ಯದಿಂದ ಕಂಡ ಕನ್ನಡದ ವ್ಯಂಗ್ಯಚಿತ್ರಕಾರರದು. ಆ ಸಂಪುಟದ ಲಕ್ಷ್ಮಣರಿಂದಲೇ ಅವರು ಶುರುಮಾಡಲಿ.