ದ್ರೌಪದಿಯ ಮೊರೆ

ಕೌರವಸಭೆಯಲ್ಲಿ ವಸ್ತ್ರಾಪಹರಣಕ್ಕೆ ಗುರಿಯಾದ ದ್ರೌಪದಿಯು ಶ್ರೀಕೃಷ್ಣನಿಗೆ ಮೊರೆಯಿಟ್ಟಳೆಂಬುದು ಆಬಾಲವೃದ್ಧರಿಗೂ ತಿಳಿದ ಕಥೆ. ಕುಮಾರವ್ಯಾಸನು ಈ ಸಂದರ್ಭವನ್ನು ಭಕ್ತಿರಸಕ್ಕೆ ನೆಲೆಯಾಗಿಸಿದ್ದಾನೆ. ಆದರೆ ಪುಣೆಯ ಭಂಡಾರಕರ ಪ್ರಾಚ್ಯವಿದ್ಯಾ ಸಂಶೋಧನ ಮಂದಿರದ ಸಭಾಪರ್ವದಲ್ಲಿ (1944) ಸಂಪಾದಕರಾದ ಎಡ್ಗರ್ಟನ್ನರು ಈ ಪ್ರಾರ್ಥನೆಯನ್ನು ಮೂಲಪಾಠದಿಂದ ತೆಗೆದಿದ್ದಾರೆ. ಅಲ್ಲಿ ಒಂದು ವಸ್ತ್ರವನ್ನು ಸೆಳೆದಂತೆ ಮತ್ತೊಂದು ತೋರುವುದುಂಟು, ಅದನ್ನು ಕೊಟ್ಟವರಾರೆಂಬುದಿಲ್ಲ. ಹಾಗಾದರೆ ಈ ಮೊರೆಯೇ ಪ್ರಕ್ಷಿಪ್ತವೆನ್ನಬಹುದೆ?

ಪೂರ್ವಪಕ್ಷವು ನಿರಾಧಾರವಾದುದಲ್ಲ. ದ್ಯೂತಕಾಲದಲ್ಲಿ ತಾನು ಸಾಲ್ವನೊಡನೆ ಯುದ್ಧಕ್ಕೆ ಹೋಗಿದ್ದೆನೆಂದೂ, ದ್ವಾರಕೆಗೆ ಹಿಂದಿರುಗಿದ ಮೇಲೆಯೇ ಪಾಂಡವರ ವಿಪತ್ತನ್ನು ಕೇಳಿದೆನೆಂದೂ ವನಪರ್ವದಲ್ಲಿ ಕೃಷ್ಣನು ಹೇಳುತ್ತಾನೆ.

ಇದಕ್ಕೆ ಸಮಾಧಾನವು ಅದೇ ಮಂದಿರದ ಉದ್ಯೋಗಪರ್ವದಲ್ಲಿ (1940) ದೊರೆಯುತ್ತದೆ. ದೂರದಲ್ಲಿದ್ದ ತನ್ನನ್ನು ದ್ರೌಪದಿಯು ಗೋವಿಂದನೆಂದು ಕೂಗಿದಳು, ಆ ಋಣವು ಬೆಳೆದು ತನ್ನ ಹೃದಯವನ್ನು ಬಿಡದೆ ನಿಂತಿದೆ ಎಂದು ಕೃಷ್ಣನು ಸಂಜಯನೊಡನೆ ನುಡಿಯುತ್ತಾನೆ. ಸಭೆಯಲ್ಲಿ ಮನಸ್ಸಿನಿಂದ ಆತನ ರಕ್ಷಣೆಯನ್ನು ಬೇಡಿದೆನೆಂದು ದ್ರೌಪದಿಯೂ ಮುಂದೆ ಅದೇ ಪರ್ವದಲ್ಲಿ ನೆನೆಯುತ್ತಾಳೆ. ಆದುದರಿಂದ ಸಭಾಪರ್ವದ ಸ್ತೋತ್ರಶ್ಲೋಕಗಳು ಈಚಿನವಾದರೂ ಆಗಬಹುದು. ಮೊರೆಯಾದರೋ ಪ್ರಾಚೀನವಾದುದೇ ಸರಿ.

ಇಲ್ಲಿ ಋಣವೆಂಬ ಮಾತು ವಿಶೇಷವಾಗಿ ಗಮನಿಸತಕ್ಕದ್ದು. ವಸ್ತ್ರದಾನದಿಂದ ಮೊರೆಗೆ ಪೂರ್ಣ ಉತ್ತರವು ಸಂದಿದ್ದರೆ ಋಣವು ಉಳಿಯುವುದೆಂತು, ಬೆಳೆಯುವುದೆಂತು? ವ್ಯಾಸನ ದೃಷ್ಟಿಯಲ್ಲಿ ಆರ್ತರ ಪ್ರಾರ್ಥನೆಯು ಫಲ ಪಡೆದು ಮುಗಿಯುವ ಬೇಡಿಕೆಯಲ್ಲ. ಅದು ಕೇಳಿದವನನ್ನೇ ಸಾಲಗಾರನನ್ನಾಗಿ ಮಾಡುತ್ತದೆ. ಆ ಸಾಲವು ಕುರುಕ್ಷೇತ್ರದವರೆಗೂ ನಡೆಯಿತು.

ಈ ಮೊರೆಯನ್ನು ಅಬಲೆಯ ಅಸಹಾಯಕತೆಯೆಂದು ಮಾತ್ರ ಬೋಧಿಸುವ ವಾಡಿಕೆಯೂ ಸಾಧುವಾದುದಲ್ಲ. ತನ್ನನ್ನು ಸೋತವನಿಗೆ ಪತ್ನಿಯನ್ನು ಪಣವಾಗಿಡುವ ಅಧಿಕಾರವುಂಟೇ ಎಂದು ದ್ರೌಪದಿಯು ಮೊದಲೇ ಕೇಳಿದ್ದಳು. ಧರ್ಮವು ಸೂಕ್ಷ್ಮವೆಂದು ಭೀಷ್ಮನು ಜಾರಿಕೊಂಡನು. ಅವಳ ಪಕ್ಷವನ್ನು ವಹಿಸಿದ ವಿಕರ್ಣನ ಮಾತನ್ನು ಕರ್ಣನು ತಳ್ಳಿಹಾಕಿದನು. ವಸ್ತ್ರವು ಅಕ್ಷಯವಾದ ಮೇಲೂ ಪ್ರಶ್ನೆಯು ಹಾಗೆಯೇ ಉಳಿಯಿತು. ಧೃತರಾಷ್ಟ್ರನಿತ್ತ ವರಗಳಿಂದ ಪತಿಗಳನ್ನು ಬಿಡಿಸಿ, ಮೂರನೆಯ ವರವನ್ನು ಬೇಡವೆಂದವಳೂ ಅವಳೇ. ದೈವವು ಮಾನವನ್ನು ಕಾಯಿತು. ನ್ಯಾಯವನ್ನು ಹೇಳುವ ಭಾರವು ಸಭಾಸದರ ಮೇಲೆಯೇ ಇದ್ದಿತು, ಅವರು ಅದನ್ನು ಹೊರಲಿಲ್ಲ.

ಹೀಗೆ ನೋಡಿದರೆ ಕುಮಾರವ್ಯಾಸನು ಇಲ್ಲದುದನ್ನು ಕಲ್ಪಿಸಿದವನಲ್ಲ. ಮೂಲದಲ್ಲಿ ಸ್ಮರಣೆಯಾಗಿ ಉಳಿದ ಕೂಗಿಗೆ ಅವನು ಕಂಠವನ್ನು ಕೊಟ್ಟನು. ಪಾಠಶೋಧನವು ಶ್ಲೋಕಗಳನ್ನು ಕಳೆಯಬಲ್ಲುದು. ಕೃಷ್ಣನೇ ಒಪ್ಪಿಕೊಂಡ ಋಣವನ್ನು ಕಳೆಯಲಾರದು.