ವಾರ್ಬುರ್ಗರ ಪ್ರಮೇಯವೂ ಸ್ತನ ಕ್ಯಾನ್ಸರಿನ ಸಾಕ್ಷ್ಯವೂ: ಒಂದು ವಿಮರ್ಶೆ

ಕಾವ್ಯಕ್ಕೆ ವಿಮರ್ಶೆ ಸಲ್ಲುವಂತೆ ವೈಜ್ಞಾನಿಕ ಪ್ರಬಂಧಕ್ಕೂ ಅದು ಸಲ್ಲತಕ್ಕದ್ದು. ಪ್ರಬಂಧಕಾರನು ಕಂಡದ್ದೆಷ್ಟು, ಕಂಡದ್ದರಿಂದ ಊಹಿಸಿದ್ದೆಷ್ಟು, ಆ ಊಹೆಯನ್ನು ಲೋಕವು ಓದಿಕೊಂಡ ಬಗೆ ಎಂತಹದು ಎಂಬ ಮೂರು ಪ್ರಶ್ನೆಗಳನ್ನು ಬೇರೆ ಬೇರೆಯಾಗಿಟ್ಟು ವಿಚಾರಿಸದಿದ್ದರೆ, ದೊಡ್ಡ ಹೆಸರಿನ ನೆರಳಿನಲ್ಲಿ ತಪ್ಪೂ ಶಾಸ್ತ್ರವಾಗಿ ನಿಲ್ಲುತ್ತದೆ. ಜರ್ಮನಿಯ ಜೀವರಸಾಯನಜ್ಞ ಆಟೋ ವಾರ್ಬುರ್ಗರು 1956ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ, ಕ್ಯಾನ್ಸರ್ ಜೀವಕೋಶಗಳ ಮೂಲವನ್ನು ಕುರಿತ ಪ್ರಬಂಧವು ಇಂಥ ವಿಚಾರಣೆಗೆ ತಕ್ಕ ಕೃತಿ. ಸಕ್ಕರೆಯೇ ಕ್ಯಾನ್ಸರಿನ ಆಹಾರ, ಸಕ್ಕರೆ ಬಿಟ್ಟರೆ ರೋಗ ತಾನಾಗಿ ಸೊರಗುತ್ತದೆ ಎಂದು ಸ್ತನ ಕ್ಯಾನ್ಸರಿನಿಂದ ನರಳುವ ಹೆಣ್ಣುಮಗಳಿಗೆ ಹಿತೈಷಿಗಳು ಹೇಳುವ ಮಾತು ಆ ವಾದದ ದೂರದ ಸಂತತಿ. ಆದುದರಿಂದ ಇದು ಪಂಡಿತರ ಜಗಳ ಮಾತ್ರವಲ್ಲ. ಊಟದ ಎಲೆಯವರೆಗೂ ಬಂದಿರುವ ಪ್ರಶ್ನೆ.

ಮೊದಲು ಪೂರ್ವಪಕ್ಷವನ್ನು ನ್ಯಾಯವಾಗಿ ನಿರೂಪಿಸಬೇಕು. ಆರೋಗ್ಯವಂತ ಜೀವಕೋಶವು ಗ್ಲೂಕೋಸನ್ನು ಒಡೆದು, ಬಂದ ತುಣುಕನ್ನು ಮೈಟೊಕಾಂಡ್ರಿಯಗಳಿಗೆ ಕಳುಹಿ, ಅಲ್ಲಿ ಆಮ್ಲಜನಕದ ನೆರವಿನಿಂದ ಪೂರ್ತಿಯಾಗಿ ಉರಿಸುತ್ತದೆ. ಹೀಗೆ ಒಂದು ಗ್ಲೂಕೋಸ್ ಅಣುವಿನಿಂದ ಶಕ್ತಿಯ ನಾಣ್ಯಗಳೆನ್ನಬಹುದಾದ ಎಟಿಪಿ ಅಣುಗಳು ಸುಮಾರು 30 ದೊರೆಯುತ್ತವೆ. ಉರಿಸದೆ ಮೊಸರಿಗೆ ಹುಳಿ ಕೊಡುವ ಲ್ಯಾಕ್ಟಿಕ್ ಆಮ್ಲವಾಗಿ ಹೊರಹಾಕಿದರೆ ದೊರೆಯುವುದು 2 ಮಾತ್ರ. ಗಡ್ಡೆಯ ಜೀವಕೋಶಗಳು ಆಮ್ಲಜನಕ ಧಾರಾಳವಾಗಿರುವಾಗಲೂ ಈ ದುಂದುಗಾರಿಕೆಯ ಹಾದಿಯನ್ನೇ ಬಹಳವಾಗಿ ಹಿಡಿಯುತ್ತವೆಂಬುದನ್ನು ವಾರ್ಬುರ್ಗರು 1920ರ ದಶಕದಲ್ಲಿ ಬರ್ಲಿನ್ನಿನಲ್ಲಿ ಅಳೆದು ತೋರಿಸಿದರು. ಈ ಕಾಣ್ಕೆ ಸುಳ್ಳಾಗಿಲ್ಲ. ವಿಕಿರಣಶೀಲ ಫ್ಲೋರಿನ್ ಬೆರೆಸಿದ ಗ್ಲೂಕೋಸಿನಂಥ ವಸ್ತುವನ್ನು ರಕ್ತಕ್ಕೆ ಸೇರಿಸಿ, ಅದನ್ನು ಹೆಚ್ಚಾಗಿ ಹೀರುವ ತಾಣಗಳನ್ನು ಗುರುತಿಸುವ ಪೆಟ್ ಪರೀಕ್ಷೆ ಇದೇ ತತ್ತ್ವದ ಫಲ.

ಕಾಣ್ಕೆಯಿಂದ ಅನುಮಾನಕ್ಕೆ ಹಾರುವಲ್ಲಿ ದೋಷ ಹುಟ್ಟಿತು. ಜೀವಕೋಶದ ಉಸಿರಾಟ ಮೊದಲು ಮರಳಿ ಸರಿಹೋಗದಂತೆ ಕೆಡುತ್ತದೆ. ಹುಳಿಯಿಸುವ ಕ್ರಿಯೆಯಿಂದ ಬದುಕಿ ಉಳಿದ ಕೋಶಗಳೇ ಕ್ಯಾನ್ಸರ್ ಆಗುತ್ತವೆ. ಇದೇ ರೋಗಮೂಲ ಎಂಬುದು ಪ್ರಬಂಧದ ಸಿದ್ಧಾಂತ. ಬೆಂಕಿಯಿರುವಲ್ಲೆಲ್ಲ ಹೊಗೆಯಿದೆ ಎಂಬ ಅನುಮಾನ ದುಷ್ಟವೆಂದು ನೈಯಾಯಿಕರು ಬಹಳ ಹಿಂದೆಯೇ ಹೇಳಿದ್ದಾರೆ. ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯುಂಟು, ಹೊಗೆಯಿಲ್ಲ; ಹೊಗೆಗೆ ಹಸಿಸೌದೆ ಎಂಬ ಉಪಾಧಿ ಬೇಕು. ಲ್ಯಾಕ್ಟಿಕ್ ಆಮ್ಲ ಕಂಡಲ್ಲೆಲ್ಲ ಉಸಿರಾಟ ಕೆಟ್ಟಿದೆ ಎಂಬ ಅನುಮಾನವೂ ಅಂಥದೇ. ಕಣ್ಣಿನ ಅಕ್ಷಿಪಟಲದ ಆರೋಗ್ಯವಂತ ಕೋಶಗಳು ಆಮ್ಲಜನಕವಿದ್ದೂ ಆ ಆಮ್ಲವನ್ನು ಹೇರಳವಾಗಿ ತಯಾರಿಸುತ್ತವೆ. ಅವು ಇಲ್ಲಿಯ ಕಬ್ಬಿಣದ ಗುಂಡು. ಮೈಟೊಕಾಂಡ್ರಿಯದ ಕಿಣ್ವವೇ ಕೆಟ್ಟಿರುವ ಕೆಲವು ವಿರಳ ಗಡ್ಡೆಗಳುಂಟು. ಆ ಹಸಿಸೌದೆಯಿರುವಲ್ಲಿ ವಾದ ಒಂದಿಷ್ಟು ಸಂದೀತು. ಆದರೆ ಅದು ಸಾಮಾನ್ಯ ನಿಯಮವಲ್ಲ. ಗಡ್ಡೆಗಳ ಉಸಿರಾಟ ಇತರ ಅಂಗಾಂಶಗಳ ಉಸಿರಾಟಕ್ಕಿಂತ ಕುಂದಿದುದಲ್ಲವೆಂದು ಸಿಡ್ನಿ ವೈನ್‌ಹೌಸರು ಅದೇ 1956ರಲ್ಲಿ, ಅದೇ ಪತ್ರಿಕೆಯಲ್ಲಿ ಆಕ್ಷೇಪಿಸಿದರು. ಆದರೂ ವಾರ್ಬುರ್ಗರು ಪಟ್ಟು ಸಡಿಲಿಸಲಿಲ್ಲ. 1966ರಲ್ಲಿ ಲಿಂಡೌ ಉಪನ್ಯಾಸದಲ್ಲಿ ಅದನ್ನೇ ಮತ್ತಷ್ಟು ಬಿಗಿಯಾಗಿ ಪ್ರತಿಪಾದಿಸಿದರು.

ಹಾಗಾದರೆ ಉಸಿರಾಡಬಲ್ಲ ಕೋಶ ಈ ದುಂದಿಗೆ ಏಕೆ ಕೈಹಾಕುತ್ತದೆ? ಇಬ್ಭಾಗವಾಗಬೇಕಾದ ಕೋಶಕ್ಕೆ ಶಕ್ತಿಯೊಂದೇ ಸಾಲದು. ಪೊರೆಗೆ ಕೊಬ್ಬು, ವಂಶವಾಹಿಗೆ ನ್ಯೂಕ್ಲಿಯೊಟೈಡು, ಪ್ರೋಟೀನಿಗೆ ಅಮೈನೊ ಆಮ್ಲ ಬೇಕು. ಮನೆ ಕಟ್ಟುವವನು ಮರವನ್ನೆಲ್ಲ ಒಲೆಗಿಟ್ಟರೆ ತೊಲೆಗೆ ಏನು ಉಳಿದೀತು? ವಾಂಡರ್ ಹೈಡನ್, ಕ್ಯಾಂಟ್ಲಿ, ಥಾಂಪ್ಸನ್ ಎಂಬ ಮೂವರು 2009ರಲ್ಲಿ ಮುಂದಿಟ್ಟ ಸಮಾಧಾನದ ಸಾರವಿದು. ಇದೂ ಪರಿಪೂರ್ಣವಲ್ಲ, ಗ್ಲೂಕೋಸಿನ ಇಂಗಾಲದ ಬಹುಪಾಲು ತೊಲೆಯಾಗದೆ ಆಮ್ಲವಾಗಿಯೇ ಹೊರಬೀಳುತ್ತದೆ. ಆದರೂ ಚಯಾಪಚಯವನ್ನು ಮುರಿದ ಯಂತ್ರವೆಂದು ನೋಡದೆ ಬೆಳವಣಿಗೆಗೆ ಒಗ್ಗಿಸಿಕೊಂಡ ವ್ಯವಸ್ಥೆಯೆಂದು ನೋಡಿದುದು ದೊಡ್ಡ ಮುನ್ನಡೆ.

ಈ ಪ್ರಮೇಯಕ್ಕೆ ಸ್ತನ ಕ್ಯಾನ್ಸರಿನಷ್ಟು ಕಠಿಣವಾದ ಪರೀಕ್ಷಾರಂಗ ಬೇರೆ ಇರಲಾರದು. ವಾರ್ಬುರ್ಗರ 1956ರ ವಾದಕ್ಕೆ ಮುಖ್ಯ ಆಧಾರ ಇಲಿಯ ಹೊಟ್ಟೆಯ ದ್ರವದಲ್ಲಿ ತೇಲುವ, ಬಹುಮಟ್ಟಿಗೆ ಬೆರಕೆಯಿಲ್ಲದ ಕ್ಯಾನ್ಸರ್ ಕೋಶಗಳು. ಸ್ತನದ ಗಡ್ಡೆಯಾದರೋ ಕೊಬ್ಬು, ನಾರು, ರಕ್ತನಾಳ, ರಕ್ಷಣಾಕೋಶಗಳ ನಡುವೆ ಬೆಳೆಯತಕ್ಕದ್ದು. ಅದು ಒಂದೇ ರೋಗವೂ ಅಲ್ಲ. ಹಾರ್ಮೋನಿಗೆ ಓಗೊಡುವ ಬಗೆಯಲ್ಲಿ ಸುಮಾರು 40 ಪ್ರತಿಶತ ಗಡ್ಡೆಗಳಲ್ಲಿ ಪಿಐಕೆ3ಸಿಎ ಎಂಬ ವಂಶವಾಹಿ ಮಾರ್ಪಟ್ಟಿರುತ್ತದೆ. ಇನ್ಸುಲಿನ್ನಿನ ಆಜ್ಞೆ ಕೋಶದೊಳಕ್ಕೆ ಹರಿಯುವ ದಾರಿಯೇ ಅದು. ಮಾರ್ಪಟ್ಟ ವಂಶವಾಹಿ ಆಜ್ಞೆಯಿಲ್ಲದೆಯೂ ಗ್ಲೂಕೋಸನ್ನು ಒಳಗೆಳೆಯಿಸುತ್ತದೆ. ಅಂದರೆ ವಾರ್ಬುರ್ಗರು ಒಡೆಯನೆಂದು ಬಗೆದುದು ಇಲ್ಲಿ ಆಳಾಗಿದೆ. ಈಸ್ಟ್ರೊಜೆನ್ ಗ್ರಾಹಕವಿಲ್ಲದ ಬಗೆಯ ಸುಮಾರು 70 ಪ್ರತಿಶತ ಗಡ್ಡೆಗಳಲ್ಲಿ, ಗ್ಲೂಕೋಸ್ ವಿಭಜನೆಯ ನಡುದಾರಿಯಿಂದ ಸೆರೀನ್ ಎಂಬ ಅಮೈನೊ ಆಮ್ಲವನ್ನು ತೆಗೆಯುವ ಕಿಣ್ವ ಹೆಚ್ಚಿರುವುದು 2011ರಲ್ಲಿ ಪ್ರಕಟವಾಯಿತು. ಆಳು ಒಡೆಯನನ್ನು ನಡೆಸುವುದೂ ಉಂಟು: ಹೊರಬಿದ್ದ ಲ್ಯಾಕ್ಟಿಕ್ ಆಮ್ಲ ನೆರೆಯ ರಕ್ಷಣಾಕೋಶಗಳನ್ನು ಕುಗ್ಗಿಸಿ ಗಡ್ಡೆಗೆ ದಾರಿ ಬಿಡುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ಇಲಿಗಳ ಸ್ತನದ ಗಡ್ಡೆಯಿಂದ ಕಳಚಿ ರಕ್ತದಲ್ಲಿ ಸಂಚರಿಸುವ ಕೋಶಗಳು ಮೈಟೊಕಾಂಡ್ರಿಯಗಳನ್ನು ಹೆಚ್ಚಿಸಿಕೊಂಡು ಉಸಿರಾಟದ ಬಲದಿಂದಲೇ ಬೇರೆ ಅಂಗಗಳಿಗೆ ಹಬ್ಬುತ್ತವೆಂದು 2014ರಲ್ಲಿ ತಿಳಿದುಬಂದಿತು. ಕೆಟ್ಟುಹೋಯಿತೆಂದು ಸಾರಿದ ಉಸಿರಾಟವೇ ರೋಗದ ಅತಿಘೋರವಾದ ಹಂತದಲ್ಲಿ ಅದರ ಊರುಗೋಲಾಯಿತು.

ಇನ್ನು ಲೋಕವು ಓದಿಕೊಂಡ ಬಗೆ. 2018ರಲ್ಲಿ ಇಲಿಗಳಲ್ಲಿ ಸ್ತನ ಕ್ಯಾನ್ಸರ್ ಹಬ್ಬುವುದಕ್ಕೆ ಆಸ್ಪರಜೀನ್ ಎಂಬ ಅಮೈನೊ ಆಮ್ಲ ನೆರವಾಗುತ್ತದೆಂಬ ಸಂಶೋಧನೆ ಹೊರಬಂದಾಗ, ಪತ್ರಿಕೆಗಳ ಶಿರೋನಾಮೆಯಲ್ಲಿ ಆಸ್ಪರಾಗಸ್ ತರಕಾರಿ ಅಪರಾಧಿಯಾಯಿತು. 1806ರಲ್ಲಿ ಆ ವಸ್ತುವನ್ನು ಮೊದಲು ಬೇರ್ಪಡಿಸಿದ್ದು ಆ ಸಸ್ಯದ ರಸದಿಂದ. ಹೆಸರಿನ ನಂಟು ಅಷ್ಟೇ. ಅದು ಹಾಲು, ಮಾಂಸ, ಕಾಳುಗಳಲ್ಲಿಯೂ ಇದೆ. ದೇಹವೇ ಅದನ್ನು ತಯಾರಿಸಿಕೊಳ್ಳುತ್ತದೆ. ಸಕ್ಕರೆಯ ವಿಷಯವೂ ಹೀಗೆಯೇ. ಉಪವಾಸ ಮಾಡಿದರೂ ಯಕೃತ್ತು ರಕ್ತದ ಗ್ಲೂಕೋಸನ್ನು ಕಾಪಾಡುತ್ತದೆ. ಎಲೆಯಿಂದ ಸಿಹಿಯನ್ನು ತೆಗೆದ ಮಾತ್ರಕ್ಕೆ ಗಡ್ಡೆ ಹಸಿಯುವುದಿಲ್ಲ. ಚಿಕಿತ್ಸೆಯ ಕಾಲದಲ್ಲಿ ಊಟವನ್ನೇ ಕಡಿಮೆಮಾಡಿದ ರೋಗಿ ಮಾತ್ರ ಸೊರಗುತ್ತಾಳೆ.

ಹಾಗೆಂದು ಆಹಾರಕ್ಕೂ ಈ ರೋಗಕ್ಕೂ ಸಂಬಂಧವೇ ಇಲ್ಲವೆನ್ನುವುದು ಇನ್ನೊಂದು ಅತಿರೇಕ. ಮುಟ್ಟು ನಿಂತ ಮೇಲೆ ಕೊಬ್ಬಿನ ಅಂಗಾಂಶವೇ ಈಸ್ಟ್ರೊಜೆನ್ ತಯಾರಿಸುವ ಮುಖ್ಯ ತಾಣವಾಗುತ್ತದೆ; ಆ ವಯಸ್ಸಿನಲ್ಲಿ ಸ್ಥೂಲತೆ ಸ್ತನ ಕ್ಯಾನ್ಸರಿನ ಅಪಾಯವನ್ನು ಹೆಚ್ಚಿಸುವುದು ಸ್ಥಿರಪಟ್ಟ ವಿಷಯ. ಪಿಐಕೆ3ಸಿಎ ದಾರಿಯನ್ನು ತಡೆಯುವ ಆಲ್ಪೆಲಿಸಿಬ್ ಔಷಧ 2019ರಲ್ಲಿ ಅಮೆರಿಕೆಯಲ್ಲಿ ಮಾನ್ಯವಾಯಿತು. ಈ ವರ್ಗದ ಔಷಧಗಳು ರಕ್ತದ ಸಕ್ಕರೆಯನ್ನು ಏರಿಸುತ್ತವೆ. ಆಗ ಏರಿದ ಇನ್ಸುಲಿನ್ ಮುಚ್ಚಿದ ದಾರಿಯನ್ನು ಮತ್ತೆ ತೆರೆಯಬಲ್ಲದು. ಪಿಷ್ಟ ತೀರ ಕಡಿಮೆಯಿರುವ ಪಥ್ಯ ಇಲಿಗಳಲ್ಲಿ ಇಂಥ ಔಷಧದ ಬಲವನ್ನು ಹೆಚ್ಚಿಸಿತೆಂದು 2018ರ ಪ್ರಯೋಗ ತೋರಿಸಿತು. ಆದರೆ ಅದೇ ಪ್ರಯೋಗದಲ್ಲಿ, ಔಷಧವಿಲ್ಲದೆ ಕೊಟ್ಟ ಅದೇ ಪಥ್ಯ ಒಂದು ಬಗೆಯ ರಕ್ತಕ್ಯಾನ್ಸರಿನ ಇಲಿಗಳಲ್ಲಿ ರೋಗವನ್ನು ತ್ವರೆಗೊಳಿಸಿತು. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಮಾತ್ರೆಯ ಮೇಲೂ ದೊಡ್ಡ ಆಸೆಯಿತ್ತು. ಆ ಕಾಯಿಲೆಯಿಲ್ಲದ 3649 ಸ್ತನ ಕ್ಯಾನ್ಸರ್ ರೋಗಿಗಳನ್ನು ಸೇರಿಸಿಕೊಂಡ ಪರೀಕ್ಷೆಯ ಮುಖ್ಯ ಫಲಿತಾಂಶ 2022ರಲ್ಲಿ ಬಂದಾಗ, ರೋಗ ಮರುಕಳಿಸುವುದನ್ನು ಅದು ತಡೆಯಲಿಲ್ಲವೆಂದು ಸ್ಪಷ್ಟವಾಯಿತು.

ಒಟ್ಟಿನಲ್ಲಿ ವಾರ್ಬುರ್ಗರ ಕಣ್ಣು ಸರಿಯಾಗಿ ಕಂಡಿತು, ತರ್ಕ ಎಡವಿತು, ಜನಶ್ರುತಿ ಆ ಎಡವಿದ ಹೆಜ್ಜೆಯನ್ನೇ ಹೆದ್ದಾರಿ ಮಾಡಿಕೊಂಡಿತು. ಚಯಾಪಚಯವು ಸ್ತನ ಕ್ಯಾನ್ಸರಿನ ಬೆಳವಣಿಗೆಯಲ್ಲಿ ನಿಜವಾದ ಪಾಲುದಾರ. ಆದರೆ ಯಾವ ಬಗೆಯ ಗಡ್ಡೆ, ಯಾವ ಹಂತ, ಯಾವ ದೇಹ ಎಂಬುದನ್ನು ಕೇಳದೆ ಅದರ ಪಾತ್ರವನ್ನು ನಿರ್ಣಯಿಸುವಂತಿಲ್ಲ. ಕನ್ನಡದಲ್ಲಿ ಈ ವಿಷಯವನ್ನು ಬರೆಯುವವರು ಒಂದೇ ಕಾರಣ, ಒಂದೇ ಪಥ್ಯ ಎಂಬ ಸುಲಭದ ಮಾತನ್ನು ಬಿಟ್ಟು ಈ ಭೇದಗಳನ್ನು ತಿಳಿಗನ್ನಡದಲ್ಲಿ ಬಿಡಿಸಿ ಹೇಳುವುದು ಅಗತ್ಯ. ಅದನ್ನು ಓದುವವರಲ್ಲಿ ರೋಗಿಯೂ ಇರುತ್ತಾಳೆ, ಅವಳಿಗೆ ಅಡಿಗೆ ಮಾಡಿ ಬಡಿಸುವವರೂ ಇರುತ್ತಾರೆ.